ಮೆತ್ತಿನ ಮೇಲೆ ರೆಕಾರ್ಡಿಂಗ್: ಮೂರು ಹಾಡು ಮುಗಿದವು, ಒಂದು ಬಾಕಿ

ಈ ಮೇ ರಜೆಯಲ್ಲಿ ನಾಲ್ಕು ಹಾಡು ರೆಕಾರ್ಡ್ ಮಾಡಬೇಕು ಅಂತ ಲೆಕ್ಕ ಹಾಕಿಕೊಂಡು ಊರಿಗೆ ಬಂದಿದ್ದೆ. ಮೂರು ಆಗಿವೆ, ಮನೆಯ ಮೆತ್ತಿನ (ಹಂಚಿನಡಿಯ ಮಾಳಿಗೆಯ) ಮೇಲೆ. ನಾಲ್ಕನೆಯದಕ್ಕೆ ಗುಮಟೆ (ಮಣ್ಣಿನ ಮಡಕೆಯ ವಾದ್ಯ) ಮಾತ್ರ ಬಂದಿದೆ, ದನಿ ಇನ್ನೂ ಬಾಕಿ. ಹಾಡುಗಳೆಲ್ಲ ನಮ್ಮದೇ. ಶಿರಸಿಯಲ್ಲಿ ಕಾಲೇಜಿಗೆ ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ಕೂತು, ತಾಳಮದ್ದಳೆ ಮುಗಿದ ಮೇಲೆ ಯಾರದೋ ಜಗಲಿಯಲ್ಲಿ ಕೂತು ಕಟ್ಟಿದವು. ಸಾಹಿತ್ಯ ಒಂದು ಹಳೇ ಲಾಂಗ್ ಬುಕ್ಕಿನಲ್ಲಿತ್ತು. ಧಾಟಿ ಮಾತ್ರ ಎಲ್ಲೂ ಬರೆದಿಟ್ಟಿರಲಿಲ್ಲ. ಅದು ನಾಲ್ಕು ತಲೆಗಳಲ್ಲಿ ನಾಲ್ಕು ಥರ ಉಳಿದಿತ್ತು.

ತಂಡದಲ್ಲಿ ಹಾಡುವವರು ಮೇಷ್ಟ್ರು. ಈಗ ಹೈಸ್ಕೂಲಿನಲ್ಲಿ ನಿಜವಾಗಿಯೂ ಮೇಷ್ಟ್ರು, ಕಾಲೇಜಿನಲ್ಲಿದ್ದಾಗಲೇ ಆ ಹೆಸರು ಬಿದ್ದಿತ್ತು. ಮದ್ದಳೆ ಬಾರಿಸುವವನು ತೋಟ ನೋಡಿಕೊಂಡು ಊರಲ್ಲೇ ಇದ್ದಾನೆ. ಹಾರ್ಮೋನಿಯಂ ಗೆಳೆಯ ಅಂಕೋಲಾದವನು, ಗುಮಟೆಯೂ ಅವನದೇ. ನಾನು ಗಿಟಾರು, ಜೊತೆಗೆ ಕೇಬಲ್ ಸುತ್ತುವ ಕೆಲಸ.

ಸಾಮಾನು ಜಾಸ್ತಿ ಇಲ್ಲ. ಎರಡು ಕಂಡೆನ್ಸರ್ ಮೈಕು, ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 (ಮೈಕಿನ ಸದ್ದನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ), ಲ್ಯಾಪ್‌ಟಾಪಿನಲ್ಲಿ ರೀಪರ್ ಅನ್ನುವ ರೆಕಾರ್ಡಿಂಗ್ ತಂತ್ರಾಂಶ. ಕೋಣೆಯ ನಡುವೆ ಒಂದು ಝೂಮ್ ಎಚ್1ಎನ್, ಕೈಯಲ್ಲಿ ಹಿಡಿಯುವ ರೆಕಾರ್ಡರು. ಝೂಮ್ ಬೇರೆ ಯಂತ್ರ, ಅದರ ಗಡಿಯಾರವೂ ಬೇರೆ. ಹಾಗಾಗಿ ಪ್ರತಿ ಸಲ ಶುರುವಿಗೆ ಒಂದು ಚಪ್ಪಾಳೆ, ಕೊನೆಗೆ ಒಂದು ಚಪ್ಪಾಳೆ. ಆಮೇಲೆ ರೀಪರಿನಲ್ಲಿ ಎರಡೂ ಯಂತ್ರಗಳ ಚಪ್ಪಾಳೆಯ ಚೂಪುಗಳನ್ನು ಶುರುವಿನಲ್ಲೂ ಕೊನೆಯಲ್ಲೂ ಒಂದರ ಮೇಲೊಂದು ಕೂರಿಸಿದರೆ ಆಯ್ತು. ನಾಲ್ಕೈದು ನಿಮಿಷದ ಹಾಡಿಗೆ ಇಷ್ಟು ಸಾಕು.

ಜಾಗದ್ದೇ ದೊಡ್ಡ ಪ್ರಶ್ನೆಯಾಗಿತ್ತು. ಜಗಲಿಯಲ್ಲಿ ರೆಡ್ ಆಕ್ಸೈಡ್ ನೆಲ, ನುಣುಪು ಗೋಡೆ. ಒಂದು ಚಿಟಿಕೆ ಹೊಡೆದರೂ ಗಂಯ್ ಅನ್ನುತ್ತದೆ. ಕಂಬಳಿ, ಹಾಸಿಗೆ ಎಲ್ಲ ನೇತು ಹಾಕಿ ನೋಡಿದೆವು. ದನಿ ಮಂಕಾಯಿತು, ಮದ್ದಳೆಯ ಗುಡುಗು ಹಾಗೇ ಉಳಿಯಿತು. ತೆಳು ಬಟ್ಟೆ ತಾರದ ಸದ್ದನ್ನಷ್ಟೇ ತಿನ್ನುತ್ತದೆ. ಮಂದ್ರದ ಸದ್ದು ತಗ್ಗಬೇಕೆಂದರೆ ದಪ್ಪ ಬೇಕು. ಆ ದಪ್ಪ ಮನೆಯಲ್ಲೇ ಇತ್ತು. ಈ ವರ್ಷದ ಚಾಲಿ ಅಡಿಕೆ ಒಣಗಿ, ಸುಲಿದು, ಚೀಲ ತುಂಬಿ ಮೆತ್ತಿನ ಮೇಲೆ ಕೂತಿದೆ. ದರ ಇನ್ನೂ ಏರಲಿ ಅಂತ ಅಪ್ಪ ಕಾಯುತ್ತಿದ್ದಾರೆ. ಮೂರು ಕಡೆ ಆಳೆತ್ತರದ ಗೋಣಿಚೀಲ, ಕೆಳಗೆ ಹಲಗೆ, ಮೇಲೆ ಹಂಚು. ಅಲ್ಲಿ ಚಪ್ಪಾಳೆ ಹೊಡೆದರೆ ಸದ್ದು ಅಲ್ಲೇ ಮುಗಿಯುತ್ತದೆ. ಸ್ಟುಡಿಯೋಗಳು ದುಡ್ಡು ಕೊಟ್ಟು ಮೂಲೆಗಳಲ್ಲಿ ಕಟ್ಟಿಸುವ ದಪ್ಪ ದಿಂಡುಗಳ ಕೆಲಸವನ್ನು ನಮ್ಮ ಅಡಿಕೆ ಪುಕ್ಕಟೆ ಮಾಡಿತು. ದರ ಬೇಗ ಏರದಿರಲಿ ಅಂತ ನಾವು ನಾಲ್ವರೂ ಹಾರೈಸಿದ್ದನ್ನು ಅಪ್ಪನಿಗೆ ಹೇಳಿಲ್ಲ.

ಕರೆಂಟು ಹೋದರೆ ಇನ್ನೂ ಒಳ್ಳೆಯದು. ಮಳೆಗಾಲಕ್ಕೆ ಮುಂಚಿನ ಗುಡುಗಿಗೆ ಇಲ್ಲಿ ಸಂಜೆ ಕರೆಂಟು ಹೋಗುವುದು ಮಾಮೂಲು. ಫ್ರಿಜ್ಜು, ಪಂಪು, ಫ್ಯಾನು ಎಲ್ಲ ಬಂದ್. ಗಿಟಾರಿನ ಪಿಕಪ್ಪಿನಲ್ಲಿ ಕೇಳುವ 50 ಹರ್ಟ್ಸಿನ ಗುಂಯ್ ಕೂಡ ಮಾಯ. ಸ್ಕಾರ್ಲೆಟ್ಟಿಗೆ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ಕರೆಂಟು ಸಿಗುತ್ತದೆ, ಹಾಗಾಗಿ ಬ್ಯಾಟರಿ ಇರುವಷ್ಟು ಹೊತ್ತು ನಮ್ಮ ಕೆಲಸ ನಡೆಯುತ್ತದೆ. ಇನ್ವರ್ಟರ್ ಮಾತ್ರ ಆರಿಸಿರಬೇಕು. ಅದರ ಕೊರೆತ ಮೈಕಿಗೆ ಬಂದರೆ ತೆಗೆಯುವುದು ಕಷ್ಟ.

ಬೇರೆ ಬೇರೆ ಟ್ರ್ಯಾಕಿನಲ್ಲಿ ಒಬ್ಬೊಬ್ಬರದೇ ಹಿಡಿಯೋಣ, ಮಿಕ್ಸ್ ಮಾಡುವಾಗ ಸುಲಭ ಅಂತ ನನ್ನ ವಾದ. ಅದಕ್ಕೆ ಲಯ ತೋರಿಸುವ ಕ್ಲಿಕ್ ಸದ್ದು ಬೇಕು. ಮೇಷ್ಟ್ರ ಕಿವಿಗೆ ಹೆಡ್‌ಫೋನ್ ಹಾಕಿ ಟಿಕ್ ಟಿಕ್ ಕೊಟ್ಟರೆ ಹಾಡು ಮದುವೆ ಮನೆಯಲ್ಲಿ ವಾಚು ನೋಡುತ್ತ ಬಡಿಸಿದ ಹಾಗೆ ಬಂತು. ಮದ್ದಳೆಯವನಂತೂ ಹೆಡ್‌ಫೋನ್ ಕಿತ್ತು ಪಕ್ಕಕ್ಕಿಟ್ಟ. ಅವನು ಬೆಳೆದದ್ದು ಯಕ್ಷಗಾನದ ಹಿಮ್ಮೇಳ ಕೇಳಿ. ಅಲ್ಲಿ ಲಯ ಹಿಡಿಯುವುದು ಭಾಗವತರ ಕೈಯ ತಾಳ. ಪದ್ಯ ಏರಿದ ಹಾಗೆ ಲಯವೂ ಏರುತ್ತದೆ. ನಮ್ಮ ಹಾಡುಗಳೂ ಹಾಗೇ ಹುಟ್ಟಿದವು ಅನ್ನುವುದು ಆಮೇಲೆ ಅಳೆದಾಗ ಗೊತ್ತಾಯಿತು. ಬಸ್ಸಿನ ಹಾಡು ನಿಮಿಷಕ್ಕೆ 84 ಬಡಿತದಲ್ಲಿ ಶುರುವಾಗಿ ನೂರರ ಹತ್ತಿರ ಮುಗಿಯುತ್ತದೆ. ಅದು ತಪ್ಪಿದ್ದಲ್ಲ. ಬಸ್ಸು ಘಟ್ಟ ಇಳಿಯುವ ಚರಣದಲ್ಲೇ ಓಟ ಬರುತ್ತದೆ.

ಈಗ ಎಲ್ಲರೂ ಒಟ್ಟಿಗೇ, ಒಂದೇ ಕೋಣೆಯಲ್ಲಿ. ಒಂದು ಮೈಕು ಮೇಷ್ಟ್ರಿಗೆ, ಒಂದು ಹಾರ್ಮೋನಿಯಂ ಮತ್ತು ಗಿಟಾರಿಗೆ, ಮದ್ದಳೆಗೆ ಮೈಕೇ ಇಲ್ಲ. ಅದು ಎಲ್ಲದರಲ್ಲೂ ತಾನೇ ಬಂದು ಕೂರುತ್ತದೆ. ಮದ್ದಳೆಯವನು ಕೋಣೆಯ ಆಚೆ ತುದಿಗೆ, ಮೇಷ್ಟ್ರ ಮೈಕಿನ ಬೆನ್ನಿನ ಕಡೆ. ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಹಿಂದಿನದು ಕಡಿಮೆ ಕೇಳುತ್ತದೆ, ಅದನ್ನೇ ಬಳಸಿಕೊಂಡೆವು. ಒಂದು ಸಾಲು ಕೆಟ್ಟರೆ ತೇಪೆ ಹಾಕಲು ಬರುವುದಿಲ್ಲ, ಇಡೀ ಹಾಡು ಮತ್ತೆ. ಪರವಾಗಿಲ್ಲ. ಮತ್ತೆ ಹಾಡಿದಾಗೆಲ್ಲ ಉತ್ತಮವೇ ಆಯಿತು, ಚಾ ತಡವಾಯಿತು ಅಷ್ಟೇ. ಕೆಳಗಿಂದ ಅಮ್ಮ "ತಮಾ, ಚಾ ಆಜು" (ಚಾ ಆಗಿದೆ) ಅಂದದ್ದು ಎರಡನೇ ಹಾಡಿನ ಕೊನೆಯ ಹಾರ್ಮೋನಿಯಂ ಸ್ವರದ ಮೇಲೆ ಸರಿಯಾಗಿ ಬಿದ್ದಿದೆ. ತೆಗೆಯಲು ಯಾರೂ ಒಪ್ಪುತ್ತಿಲ್ಲ.

ಶ್ರುತಿಯ ಕಥೆ ಬೇರೆ. ಆಗ ಬಿಳಿ ನಾಲ್ಕರಲ್ಲಿ (ಹಾರ್ಮೋನಿಯಮ್ಮಿನ ನಾಲ್ಕನೇ ಬಿಳಿ ಮನೆಯ ಶ್ರುತಿ) ಹಾಡುತ್ತಿದ್ದ ಮೇಷ್ಟ್ರಿಗೆ ಈಗ ಮೇಲಿನ ಷಡ್ಜ ಹತ್ತಿದರೆ ಕೆಮ್ಮು. ಬಿಳಿ ಎರಡಕ್ಕೆ ಇಳಿಸಿದೆವು. ಗಿಟಾರಿಗೆ ಕಷ್ಟವಿಲ್ಲ, ಹಾರ್ಮೋನಿಯಮ್ಮಿಗೂ ಇಲ್ಲ. ಮದ್ದಳೆಗೆ ಹಾಗಲ್ಲ. ಬಾರು ಬಿಗಿಸಿ, ಸಡಿಲಿಸಿ ಚೂರು ಆಚೀಚೆ ಮಾಡಬಹುದು, ಮೂರು ಸ್ವರಸ್ಥಾನ ಇಳಿಸಲು ಬೇರೆ ಮದ್ದಳೆಯೇ ಬೇಕು. ಪಕ್ಕದ ಊರಿನ ಹಿರಿಯ ಕಲಾವಿದರೊಬ್ಬರು ತಮ್ಮದನ್ನು ಕೊಟ್ಟರು. "ಬಿಸಿಲಿಗಿಡಡ, ತಂಡಿಗಿಡಡ" (ಇಡಬೇಡ) ಅಂತ ಎರಡು ಸಲ ಹೇಳಿ ಕಳಿಸಿದರು. ಸಂಜೆ ಮೋಡ ಕಟ್ಟಿದರೆ ಸಾಕು, ತೇವಕ್ಕೆ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಹಾಗಾಗಿ ಪ್ರತಿ ಸಲವೂ ಮೊದಲು ಮದ್ದಳೆ ಶ್ರುತಿ, ಆಮೇಲೆ ರೆಕಾರ್ಡಿಂಗ್. ಹಾರ್ಮೋನಿಯಂ ಹಳೆಯದು. ಟ್ಯೂನರ್ ಆಪಿನಲ್ಲಿ ನೋಡಿದರೆ ಎ ಸ್ವರ 440 ಹರ್ಟ್ಸಿನ ಬದಲು 445ರ ಹತ್ತಿರ ನಿಲ್ಲುತ್ತದೆ. ರೀಡು ಕೆರೆಯುವ ಧೈರ್ಯ ಯಾರಿಗೂ ಇಲ್ಲ, ಉಳಿದವರೆಲ್ಲ ಅದಕ್ಕೇ ಹೊಂದಿಕೊಂಡೆವು.

ಜೀರುಂಡೆಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಕತ್ತಲಾಗುವ ಹೊತ್ತಿಗೆ ಬೆಟ್ಟದ ಕಡೆಯಿಂದ ಒಂದೇ ಸಮ ಶುರು. ಆಡಾಸಿಟಿ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಂ (ಸದ್ದಿನ ಎತ್ತರ ತೋರಿಸುವ ಚಿತ್ರ) ತೆರೆದರೆ ಮೇಲ್ಭಾಗದಲ್ಲಿ ದಪ್ಪ ಪಟ್ಟಿ ಎಳೆದಂತಿರುತ್ತದೆ. ನಾಯ್ಸ್ ರಿಡಕ್ಷನ್ ಹಾಕಿದರೆ ಜೀರುಂಡೆಯ ಜೊತೆ ಸಕಾರ, ಶಕಾರಗಳೂ ಹೋಗುತ್ತವೆ, ಅವುಗಳ ಸದ್ದೂ ಆ ಎತ್ತರದಲ್ಲೇ ಇರುವುದು. ಕೊನೆಗೆ ಹೊತ್ತು ಬದಲಿಸಿದೆವು. ಮಧ್ಯಾಹ್ನ ಊಟದ ನಂತರ ಅವುಗಳ ಗಲಾಟೆ ನಮ್ಮ ಕಡೆ ಕಡಿಮೆ. ಹಂಚಿನ ಕೆಳಗೆ ಆ ಹೊತ್ತಿನ ಸೆಖೆ ಹೇಳತೀರದು, ಮೂರನೇ ಹಾಡಿಗೆ ಮೇಷ್ಟ್ರು ಪಂಚೆ ಬನಿಯನ್ನಿನಲ್ಲಿ ಹಾಡಿದ್ದಾರೆ. ಬಸ್ಸಿನ ಹಾಡಿನ ಪಲ್ಲವಿ ಇದು:

ಘಟ್ಟದ ಕೆಳಗೆ ಉಪ್ಪಿನ ಗಾಳಿ, ಘಟ್ಟದ ಮೇಲೆ ಮಂಜು
ನಡುವಲಿ ನಿಂತ ಬಸ್ಸಿನ ಕೆಳಗೆ ಡ್ರೈವರಣ್ಣನ ಪಂಜು

ದೇವಿಮನೆ ಘಟ್ಟದಲ್ಲಿ ಒಂದು ರಾತ್ರಿ ಬಸ್ಸು ಕೆಟ್ಟಾಗ ಕಟ್ಟಿದ್ದು. ಡೀಸೆಲ್ ಬಸ್ಸಿನ ಅಡಿಗೆ ಯಾರಾದರೂ ಪಂಜು ಹಿಡಿಯುತ್ತಾರಾ ಅಂತ ಅಂಕೋಲಾದವನು ಆಗಲೂ ಕೇಳಿದ್ದ, ಈಗಲೂ ಕೇಳಿದ. ಪ್ರಾಸಕ್ಕೆ ಬೇಕು, ಮುಂದೆ ನಡಿ ಅಂದೆವು.

ಇನ್ನು ಗುಮಟೆ. ಇದರಲ್ಲೇ ನನಗೆ ಹೆಚ್ಚು ಕಲಿಯಲು ಸಿಕ್ಕಿದ್ದು. ಮಣ್ಣಿನ ಮಡಕೆ, ಎರಡೂ ಕಡೆ ಬಾಯಿ. ದೊಡ್ಡ ಬಾಯಿಗೆ ಚರ್ಮ, ಸಣ್ಣದು ತೆರೆದೇ ಇರುತ್ತದೆ. ಒಂದು ಕೈ ಚರ್ಮದ ಮೇಲೆ, ಇನ್ನೊಂದು ಅಂಗೈ ಸಣ್ಣ ಬಾಯಿಯನ್ನು ಮುಚ್ಚಿ ತೆರೆದು ಗುಂಕಾರ ಬಗ್ಗಿಸುತ್ತದೆ. ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯಲ್ಲಿ ಉಡಕ್ಕೆ ರಕ್ಷಣೆ ಇದೆ, ಈಗ ಆಡಿನ ಚರ್ಮ. ಗೆಳೆಯನದೂ ಆಡಿನದೇ. ಚರ್ಮದ ಎದುರು ಒಂದು ಮೈಕು, ಸಣ್ಣ ಬಾಯಿಯ ಹತ್ತಿರ ಒಂದು ಮೈಕು ಇಟ್ಟೆ. ಒಂದೊಂದೇ ಕೇಳಿದರೆ ಎರಡೂ ಚೆನ್ನ. ಕೂಡಿಸಿದರೆ ಗುಂಕಾರವೇ ಮಾಯ, ಡಬ್ಬ ಬಡಿದ ಸದ್ದು. ಕಾರಣ ಸರಳ. ಪೆಟ್ಟು ಬಿದ್ದಾಗ ಚರ್ಮ ಒಳಗೆ ತಗ್ಗುತ್ತದೆ, ಅದೇ ಕ್ಷಣಕ್ಕೆ ಒಳಗಿನ ಗಾಳಿ ಸಣ್ಣ ಬಾಯಿಂದ ಹೊರಗೆ ನುಗ್ಗುತ್ತದೆ. ಒಂದು ಮೈಕಿಗೆ ಎಳೆತ, ಇನ್ನೊಂದಕ್ಕೆ ತಳ್ಳು. ಎರಡೂ ಸೇರಿ ಒಂದನ್ನೊಂದು ಹೊಡೆದುಹಾಕುತ್ತವೆ. ರೀಪರಿನಲ್ಲಿ ಒಂದು ಟ್ರ್ಯಾಕಿನ ಫೇಸ್ ಬಟನ್ ಒತ್ತಿ ಅದರ ಅಲೆಯನ್ನು ತಲೆಕೆಳಗೆ ತಿರುಗಿಸಿದೆ. ಮೆತ್ತಿನ ಹಲಗೆ ನಡುಗುವಷ್ಟು ಗುಂಕಾರ ವಾಪಸು ಬಂತು. ಗುಮಟೆಯವನು ಮತ್ತೆ ಮತ್ತೆ ಬಟನ್ ಒತ್ತಿಸಿ ಕೇಳಿದ.

ಇನ್ನೊಂದು ಪದ್ಧತಿಯೂ ಅವನದೇ ಹಟ. ಅವನ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ ಹಾಲಕ್ಕಿ ಸಮುದಾಯದ ಹಾಡುಗಳನ್ನು ಪುಸ್ತಕ ನೋಡಿ ಕಲಿತವರಲ್ಲ, ಎಲ್ಲ ನೆನಪಿನಲ್ಲೇ. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅಂದಿನಿಂದ ಇವನಿಗೆ ಏನು ಹಾಡಿದರೂ ವಿವರ ಸೇರಿಸಿಯೇ ಹಿಡಿಯಬೇಕು ಅನ್ನುವ ಚಟ. ಹಾಗಾಗಿ ಪ್ರತಿ ಹಾಡಿಗೆ ಮುಂಚೆ ಮೈಕಿನೆದುರು ಹೆಸರು, ಯಾರು ಕಟ್ಟಿದ್ದು, ಯಾವ ಶ್ರುತಿ, ತಾರೀಖು ಎಲ್ಲ ಬಾಯಲ್ಲೇ ಹೇಳುತ್ತೇವೆ. ಫೈಲಿನ ಹೆಸರು ಅಳಿಸಿಹೋದರೂ ದನಿ ಹೇಳುತ್ತದೆ. ಮೂರನೇ ಹಾಡಿನ ಮೊದಲ ಚರಣ ಯಾರದು ಅಂತ ಅಲ್ಲೇ ಜಗಳವೂ ಆಯಿತು, ಅದೂ ರೆಕಾರ್ಡ್ ಆಗಿದೆ.

ಸದ್ಯದ ಸ್ಥಿತಿ: ಎಲ್ಲ 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲು. ಒಂದು ಪ್ರತಿ ನನ್ನ ಹಾರ್ಡ್‌ಡಿಸ್ಕಿನಲ್ಲಿ, ಒಂದು ಮೇಷ್ಟ್ರ ಪೆನ್‌ಡ್ರೈವಿನಲ್ಲಿ. ಮದ್ದಳೆ ವಾಪಸು ಕೊಟ್ಟಾಗಿದೆ. ಬೆಂಗಳೂರಿಗೆ ಹೋದ ಮೇಲೆ ಮಿಕ್ಸ್, ಅಲ್ಲಿಯವರೆಗೆ ವಾಟ್ಸಾಪಿನಲ್ಲಿ ಯಾರಿಗೂ ಕಳಿಸುವುದಿಲ್ಲ ಅಂತ ಮಾತಾಗಿದೆ. ಮದ್ದಳೆಯವನು ಆಗಲೇ ಅವನ ಅತ್ತಿಗೆಗೆ ಕಳಿಸಿದ್ದಾನಂತೆ. ನಾಲ್ಕನೇ ಹಾಡಿನ ದನಿ ದೀಪಾವಳಿಗೆ. ಅಷ್ಟರಲ್ಲಿ ಚಾಲಿ ಮಾರಾಟವಾಗಿ ಮೆತ್ತು ಖಾಲಿಯಾದರೆ ಬೇರೆ ಜಾಗ ಹುಡುಕಬೇಕು. ಮೇಷ್ಟ್ರ ಮನೆಯ ಹುಲ್ಲಿನ ಅಟ್ಟ ನೋಡಿ ಬಂದಿದ್ದೇನೆ. ಇಲಿ ಕಾಟ ಇದೆ, ಉಳಿದಂತೆ ಅಡ್ಡಿಯಿಲ್ಲ.