‘ಸ್ಮೋಕ್’ ನೋಡಿದವರ ಎರಡು ತಕರಾರು, ಎತ್ತಲೇಬೇಕಾದ ಇನ್ನೊಂದು

‘ಸ್ಮೋಕ್’ 2025ರ ಜೂನ್ ಕೊನೆಗೆ ಆಪಲ್ ಟಿವಿಯಲ್ಲಿ ಶುರುವಾಗಿ ಆಗಸ್ಟ್‌ನಲ್ಲಿ ಮುಗಿದ ಒಂಬತ್ತು ಕಂತಿನ ಧಾರಾವಾಹಿ. ಊರಿಗೆ ಬೆಂಕಿ ಹಚ್ಚುತ್ತ ತಿರುಗುವ ಇಬ್ಬರ ಬೆನ್ನು ಹತ್ತುವ ಕತೆ. ಬೆಳಗಾವಿ ಕಡೆ ನೋಡಿದವರು ಆಡುವ ಮಾತು ಮುಖ್ಯವಾಗಿ ಎರಡು. "ಬೆಂಕಿ ತನಿಖೆ ಮಾಡಾಂವನ ಬೆಂಕಿ ಹಚ್ಚತಾನ ಅಂದ್ರ ಯಾರ್ ನಂಬ್ತಾರ್ರಿ?" ಅನ್ನುವುದು ಒಂದು. "ಎಲ್ಲಾ ಸುಟ್ಟ ಬೂದಿ ಆದಮ್ಯಾಲ ಸಾಕ್ಷಿ ಎಲ್ಲಿಂದ ಸಿಗತೈತಿ?" ಅನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಇದೆ. ಕತೆಯ ಗುಟ್ಟು ಈ ಬರಹದಲ್ಲಿ ಒಡೆದಿದೆ, ನೋಡದೆ ಇದ್ದವರು ಮೊದಲ ಎರಡು ಕಂತು ಮುಗಿಸಿ ಬನ್ನಿ.

ಮೊದಲನೆಯ ತಕರಾರಿಗೆ ಉತ್ತರ ಕ್ಯಾಲಿಫೋರ್ನಿಯಾದಲ್ಲಿದೆ. ಗ್ಲೆಂಡೇಲ್ ಅಗ್ನಿಶಾಮಕ ದಳದಲ್ಲಿ ಬೆಂಕಿ ತನಿಖೆಯ ಅಧಿಕಾರಿಯಾಗಿದ್ದ ಜಾನ್ ಆರ್ ಎಂಬಾತನ ಪ್ರಕರಣದಿಂದಲೇ ಧಾರಾವಾಹಿ ಹುಟ್ಟಿದ್ದು. 1984ರ ಅಕ್ಟೋಬರ್ 10ರಂದು ದಕ್ಷಿಣ ಪಸಡೀನಾದ ದೊಡ್ಡ ಹಾರ್ಡ್‌ವೇರ್ ಅಂಗಡಿಯೊಂದು ಹೊತ್ತಿ ಉರಿದು ನಾಲ್ಕು ಜನ ಸತ್ತರು, ಅವರಲ್ಲಿ ಒಂದು ಪುಟ್ಟ ಮಗು. ವಿದ್ಯುತ್ ದೋಷದಿಂದ ಆದ ಆಕಸ್ಮಿಕ ಎಂದು ಆಗಿನ ತನಿಖೆ ಬರೆದು ಮುಗಿಸಿತು. ಅಲ್ಲ, ಯಾರೋ ಹಚ್ಚಿದ್ದು ಎಂದು ಹಟ ಹಿಡಿದವನು ಆರ್. 1987ರಲ್ಲಿ ಫ್ರೆಸ್ನೊದಲ್ಲಿ ಬೆಂಕಿ ತನಿಖೆಗಾರರ ಸಮ್ಮೇಳನ ನಡೆದಾಗ ಆ ದಾರಿಯ ಊರುಗಳಲ್ಲಿ ಅಂಗಡಿಗಳಿಗೆ ಸಾಲಾಗಿ ಬೆಂಕಿ ಬಿತ್ತು. ಬೇಕರ್ಸ್‌ಫೀಲ್ಡ್‌ನ ಒಂದು ಅಂಗಡಿಯಲ್ಲಿ ಅರ್ಧ ಸುಟ್ಟ ಹಳದಿ ಕಾಗದದ ಚೂರು ಉಳಿದಿತ್ತು, ಅದರ ಮೇಲೆ ಒಂದು ಬೆರಳಚ್ಚು. ಹಚ್ಚಿದವನು ಸಮ್ಮೇಳನಕ್ಕೆ ಬಂದವರಲ್ಲೇ ಒಬ್ಬ ಎಂದು ಅಲ್ಲಿನ ಅಗ್ನಿಶಾಮಕ ಅಧಿಕಾರಿ ಹೇಳಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಬೆರಳಚ್ಚು ಆರ್‌ನದು ಎಂದು ತಾಳೆಯಾದದ್ದು 1991ರಲ್ಲಿ. 1998ರಲ್ಲಿ ಹಾರ್ಡ್‌ವೇರ್ ಅಂಗಡಿಯ ನಾಲ್ಕು ಕೊಲೆಗಳ ಅಪರಾಧವೂ ಸಾಬೀತಾಯಿತು. ಆತ ಬರೆದಿಟ್ಟಿದ್ದ ಕಾದಂಬರಿಯ ಹಸ್ತಪ್ರತಿಯಲ್ಲಿ ಆ ಅಂಗಡಿಯ ಬೆಂಕಿಯಂಥದೇ ಒಂದು ಬೆಂಕಿ ಇತ್ತು. ಹಾಗಾಗಿ ಕತೆ ಅತಿಯಾಯಿತು ಅನ್ನುವವರು ಈ ದಾಖಲೆಯನ್ನು ಒಮ್ಮೆ ನೋಡಬೇಕು.

ಎರಡನೆಯದಕ್ಕೆ ಆ ಹಳದಿ ಕಾಗದದ ಚೂರೇ ಅರ್ಧ ಉತ್ತರ. ಇನ್ನರ್ಧ ನಮ್ಮ ಮೇಲ್ಮುದ್ದಿ ಮನೆಗಳಲ್ಲೇ ಸಿಗುತ್ತದೆ. ತೊಲಿ, ಜಂತಿ ಸುಟ್ಟು ಮುರಿದಾಗ ಮಾಳಿಗೆಯ ಮಣ್ಣೆಲ್ಲ ಒಮ್ಮೆಲೇ ನೆಲಕ್ಕೆ ಬೀಳುತ್ತದೆ. ನೋಡಿದವರಿಗೆ ಎಲ್ಲ ಹೋಯಿತು ಅನಿಸುತ್ತದೆ. ಆದರೆ ಆ ಮಣ್ಣಿನ ಅಡಿ ಗಾಳಿ ಇಲ್ಲ, ಬೆಂಕಿ ಅಲ್ಲೇ ನಿಲ್ಲುತ್ತದೆ. ಚಾಪೆಯ ಒಂದು ತುಂಡು, ಹೊಸ್ತಿಲ ಸಂದಿ, ಸೀಮೆಎಣ್ಣೆ ಹೀರಿದ ನೆಲ ಹಾಗೇ ಉಳಿಯಬಹುದು. ಅದಕ್ಕೇ ಮೇಲಿನಿಂದ ಕೆಳಕ್ಕೆ ಪದರು ಪದರಾಗಿ, ಸಲಿಕೆ ಬಿಟ್ಟು ಕುರ್ಪಿ ಮತ್ತು ಬ್ರಶ್‌ನಿಂದ ತೆಗೆಯಬೇಕು. ಮರುದಿನ ಬೆಳಿಗ್ಗೆ ಜೆಸಿಬಿ ತಂದು ಬಳಿದು ಹಾಕಿದರೆ ಸಾಕ್ಷಿ ಹೋಗುವುದು ಆಗ. ಬೆಂಕಿ ಉಳಿಸಿದ್ದನ್ನು ಜೆಸಿಬಿ ಉಳಿಸುವುದಿಲ್ಲ.

ಮಾದರಿ ತೆಗೆಯುವುದರಲ್ಲೂ ಧಾರಾವಾಹಿಗಳು ಅವಸರ ಮಾಡುತ್ತವೆ. ಸುಟ್ಟ ಚೂರನ್ನು ಸಾದಾ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಪೆಟ್ರೋಲಿನ ಆವಿ ಅದರ ಮೂಲಕವೇ ಸೋರಿ ಹೋಗುತ್ತದೆ. ಬೇಕಾದದ್ದು ಬಣ್ಣ ತುಂಬುವಂಥ, ಬಳಸದ, ಗಟ್ಟಿ ಮುಚ್ಚಳದ ತಗಡಿನ ಡಬ್ಬಿ. ಮೂರರಲ್ಲಿ ಎರಡು ಪಾಲು ಮಾತ್ರ ತುಂಬಬೇಕು, ಮೇಲಿನ ಖಾಲಿ ಜಾಗದಲ್ಲಿ ಕೂಡುವ ಆವಿಯನ್ನೇ ಪ್ರಯೋಗಾಲಯದವರು ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ಗೆ, ಅಂದರೆ ಆವಿಯಲ್ಲಿ ಏನೇನಿದೆ ಎಂದು ಬಿಡಿಸಿ ತೋರಿಸುವ ಯಂತ್ರಕ್ಕೆ ಕೊಡುವುದು. ಒಂದೊಂದು ಮಾದರಿಗೂ ಹೊಸ ಕೈಗವಸು. ಅದೇ ಮನೆಯ ಸುಡದ ಮೂಲೆಯಿಂದ ಅದೇ ಬಗೆಯ ಮಣ್ಣು, ಅದೇ ಬಗೆಯ ಬಟ್ಟೆ ಬೇರೆ ಡಬ್ಬಿಯಲ್ಲಿ ಹೋಗಬೇಕು. ಈ ಹೋಲಿಕೆಯ ಮಾದರಿ ಇಲ್ಲದಿದ್ದರೆ, ಪ್ಲಾಸ್ಟಿಕ್ ಅಥವಾ ಸ್ಪಂಜು ಸುಟ್ಟಾಗ ತಾನಾಗಿ ಹುಟ್ಟುವ ರಾಸಾಯನಿಕಕ್ಕೂ ಹೊರಗಿನಿಂದ ತಂದು ಸುರಿದ ಎಣ್ಣೆಗೂ ಫರಕು ಹೇಳುವುದು ಕಷ್ಟ. ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಬೆಳಗಾವಿಯಲ್ಲೇ ಇದೆ, ಆದರೆ ಡಬ್ಬಿ ಸರಿ ಇಲ್ಲದಿದ್ದರೆ ಅದು ಹತ್ತಿರ ಇದ್ದೂ ಉಪಯೋಗವಿಲ್ಲ.

ಈಗ ಮೂರನೆಯ ತಕರಾರು. ಹೆಚ್ಚು ಸಿಟ್ಟು ಬರಬೇಕಾದ್ದು ಇದಕ್ಕೆ. ಬೆಂಕಿಯ ಧಾರಾವಾಹಿಗಳಲ್ಲಿ ಜಾಣ ತನಿಖೆಗಾರ ಒಳಗೆ ಬಂದು, ಕುಕ್ಕರಗಾಲಲ್ಲಿ ಕೂತು, ಗೋಡೆಯ ಕಲೆ ನೋಡಿ "ಇಲ್ಲೇ ಶುರುವಾಗಿದೆ" ಅನ್ನುತ್ತಾನೆ. ನೋಡುವವರು ತಲೆದೂಗುತ್ತಾರೆ. ಕೋಣೆ ಪೂರ್ತಿ ಹೊತ್ತಿಕೊಂಡಿದ್ದರೆ ಹಾಗೆ ಹೇಳುವುದು ಬರೀ ಊಹೆ.

ಸ್ಪಂಜಿನ ಸೋಫಾ ಇರುವ ಕೋಣೆಯನ್ನು ತಗೊಳ್ಳಿ. ಬಿಸಿ ಹೊಗೆ ಸೂರಿನಡಿ ದಪ್ಪವಾಗಿ ಕೂಡುತ್ತ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದರ ಝಳಕ್ಕೇ ಕೆಳಗಿನ ಕುರ್ಚಿ, ಹಾಸಿಗೆ, ನೆಲದ ಚಾಪೆ ಎಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಇದೇ ಫ್ಲ್ಯಾಶ್‌ಓವರ್. ಐದು ನಿಮಿಷದೊಳಗೇ ಆಗಬಹುದು. ಅಲ್ಲಿಂದ ಮುಂದೆ ಎಲ್ಲಿ ಗಾಳಿ ಸಿಗುತ್ತದೋ ಅಲ್ಲಿ ಉರಿ ಜೋರು. ಬಾಗಿಲು, ಕಿಡಕಿಯ ಬದಿ ಆಳವಾಗಿ ಸುಡುತ್ತದೆ, ಬೆಂಕಿ ಶುರುವಾದದ್ದು ಎದುರಿನ ಮೂಲೆಯಲ್ಲಾದರೂ. 2005ರಲ್ಲಿ ಲಾಸ್ ವೇಗಸ್‌ನಲ್ಲಿ ಎರಡು ಕೋಣೆಗಳಿಗೆ ಬೆಂಕಿ ಇಟ್ಟು, ಫ್ಲ್ಯಾಶ್‌ಓವರ್ ಆದ ಮೇಲೆ ಸುಮಾರು ಎರಡು ನಿಮಿಷ ಬಿಟ್ಟು ಆರಿಸಿದರು. ಬೆಂಕಿ ಯಾವ ಕಾಲುಭಾಗದಲ್ಲಿ ಹುಟ್ಟಿತು ಎಂದು 53 ತನಿಖೆಗಾರರನ್ನು ಕೇಳಿದರು. ಒಂದೊಂದು ಕೋಣೆಗೂ ಸರಿ ಹೇಳಿದವರು ಮೂರೇ ಜನ. ಕಣ್ಣು ಮುಚ್ಚಿ ಬೆರಳು ತೋರಿಸಿದ್ದರೂ ನಾಲ್ಕರಲ್ಲಿ ಒಬ್ಬರದು ಸರಿಯಾಗುತ್ತಿತ್ತು.

ಹಳೆಯ ನಂಬಿಕೆಗಳೆಲ್ಲ ಇಲ್ಲೇ ಕುಸಿಯುತ್ತವೆ. ನೆಲ ಸುಟ್ಟಿದೆ, ಹಾಗಾದರೆ ಎಣ್ಣೆ ಸುರಿದಿದ್ದಾರೆ ಅನ್ನುತ್ತಿದ್ದರು. ಫ್ಲ್ಯಾಶ್‌ಓವರ್ ಆದರೆ ಎಣ್ಣೆ ಇಲ್ಲದೆಯೂ ನೆಲ ಸುಡುತ್ತದೆ. ಗಾಜಿನಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕು ಕಂಡರೆ ಉರಿ ಬಹಳ ಬೇಗ ಏರಿದೆ ಅನ್ನುತ್ತಿದ್ದರು. ಅದು ಕಾದ ಗಾಜಿನ ಮೇಲೆ ನೀರು ಬಿದ್ದಾಗ ಆಗುವಂಥದು. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಅನ್ನುವುದೂ ಹಾಗೇ, ಸ್ಪಂಜು, ಟೈರು ಸುಟ್ಟರೂ ಹೊಗೆ ಕಪ್ಪೇ. ಟೆಕ್ಸಸ್‌ನ ಕಾರ್ಸಿಕಾನಾದಲ್ಲಿ 1991ರ ಡಿಸೆಂಬರ್ 23ರಂದು ಮೂರು ಹೆಣ್ಣುಮಕ್ಕಳು ಮನೆಯ ಬೆಂಕಿಯಲ್ಲಿ ಸತ್ತರು. ಇಂಥವೇ ಗುರುತುಗಳನ್ನು ನಂಬಿ ತಂದೆ ಕ್ಯಾಮರನ್ ಟಾಡ್ ವಿಲ್ಲಿಂಗ್‌ಹ್ಯಾಮ್ ಹಚ್ಚಿದ್ದೆಂದು ತೀರ್ಮಾನಿಸಿ, 2004ರ ಫೆಬ್ರವರಿಯಲ್ಲಿ ಆತನನ್ನು ಮರಣದಂಡನೆಗೆ ಗುರಿಪಡಿಸಿದರು. ಆ ಗುರುತುಗಳಲ್ಲಿ ಯಾವುದೂ ಬೆಂಕಿ ಹಚ್ಚಿದ್ದಕ್ಕೆ ಪುರಾವೆ ಅಲ್ಲ ಎಂದು ಆಮೇಲೆ ಹಲವು ಬೆಂಕಿ ವಿಜ್ಞಾನಿಗಳು ಬರೆದರು. ತೆರೆಯ ಮೇಲಿನ ಜಾಣತನಕ್ಕೆ ತಲೆದೂಗುವಾಗ ಈ ಮನುಷ್ಯನನ್ನು ಮರೆಯುವುದು ಸರಿಯಲ್ಲ.

ವಯರಿನ ಮಾತೂ ಇದೇ ಜಾತಿಯದು. ನಮ್ಮಲ್ಲಿ ಕಾರಣ ಗೊತ್ತಾಗದ ಬೆಂಕಿಗೆಲ್ಲ ಶಾರ್ಟ್ ಸರ್ಕ್ಯೂಟ್ ಎಂದು ಬರೆಯುವುದು ರೂಢಿ. ತಾಮ್ರದ ವಯರಿನ ತುದಿಗೆ ಜೋಳದ ಕಾಳಿನಂತೆ ದುಂಡಗೆ ಮಿರುಗುವ ಗುಂಡು ಕಂಡು, ಅದರ ಹಿಂದೆಯೇ ವಯರು ಕರಗದೆ ಸರಿಯಾಗಿದ್ದರೆ ಅದು ಕಿಡಿಯ ಗುರುತು. ಉದ್ದಕ್ಕೂ ಸೊರಗಿ, ಚೂಪಾಗಿ ಇಳಿದಿದ್ದರೆ ಹೊರಗಿನ ಬೆಂಕಿ ಕರಗಿಸಿದ್ದು. ತಾಮ್ರ ಕರಗುವುದು 1085 ಡಿಗ್ರಿಯಲ್ಲಿ. ಆದರೆ ಆ ಗುಂಡು ಕೂಡ ಹೇಳುವುದು ಆಗ ವಯರಿನಲ್ಲಿ ಕರೆಂಟ್ ಇತ್ತು ಎಂದಷ್ಟೆ. ಬೆಂಕಿ ಮೊದಲು ಬಂದು ಮೇಲಿನ ಹೊದಿಕೆ ಸುಟ್ಟು, ಆಮೇಲೆ ಕಿಡಿ ಹಾರಿದ್ದರೂ ಅದೇ ಗುಂಡು ಆಗುತ್ತದೆ.

ಸಿಗರೇಟು ಎಸೆದು ಪೆಟ್ರೋಲ್ ಹೊತ್ತಿಸುವ ದೃಶ್ಯಕ್ಕೂ ಒಂದು ಮಾತು. ಅಮೆರಿಕದ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಉರಿಯುವ ಸಿಗರೇಟನ್ನು ಪೆಟ್ರೋಲಿಗೂ ಅದರ ಆವಿಗೂ 4,500ಕ್ಕೂ ಹೆಚ್ಚು ಸಲ ಒಡ್ಡಿದರು, ಒಮ್ಮೆಯೂ ಹೊತ್ತಲಿಲ್ಲ. ಕಡ್ಡಿ ಗೀರಿದರೆ, ಸ್ವಿಚ್ಚಿನ ಕಿಡಿ ಬಿದ್ದರೆ ಮಾತ್ರ ಕಣ್ಣು ಮುಚ್ಚುವುದರೊಳಗೆ ಭಗ್ಗನೆ ಹತ್ತುತ್ತದೆ. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಒಲೆಯನ್ನೂ ಮುಟ್ಟುತ್ತದೆ.

ಇದೆಲ್ಲ ಬಾಗಲಕೋಟೆ, ವಿಜಯಪುರದ ಹಳ್ಳಿಗಳಿಗೆ ಬೇಕಾಗುವುದು ಬಣವಿ ಸುಟ್ಟಾಗ. ಹೊಲದ ಬದುವಿನ ಜಗಳ ಇದ್ದರಂತೂ ಹೆಸರು ಮೊದಲು ಬರುತ್ತದೆ, ಕಾರಣ ಆಮೇಲೆ. ಮೊದಲು ನೋಡಬೇಕಾದ್ದು ಮೇವಿನ ಹಸಿ. ನೂರರಲ್ಲಿ 20 ಪಾಲಿಗಿಂತ ಹೆಚ್ಚು ತೇವ ಇದ್ದಾಗ ಒಟ್ಟಿದ ಮೇವು ಒಳಗೊಳಗೇ ಕಾಯುತ್ತದೆ, ಹೆಚ್ಚಾಗಿ ಮೊದಲ ಆರು ವಾರದಲ್ಲಿ. ಕಬ್ಬಿಣದ ಸಲಾಕಿ ನಡುವಿಗೆ ಚುಚ್ಚಿ ಕಾಲು ತಾಸು ಬಿಟ್ಟು ತೆಗೆಯಿರಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ಬಣವಿ ಬಿಚ್ಚುವ ಮೊದಲು ನೀರು ಸಿದ್ಧ ಇಟ್ಟುಕೊಳ್ಳಿ, ಬಿಚ್ಚಿದಾಗ ಗಾಳಿ ತಾಗಿ ಉರಿ ಏಳುತ್ತದೆ. ಮೇಲೆ ಹತ್ತಬೇಡಿ, ಒಳಗೆ ಸುಟ್ಟು ಪೊಳ್ಳಾಗಿರಬಹುದು. ಚೆನ್ನಾಗಿ ಒಣಗಿ ನಾಲ್ಕು ತಿಂಗಳಾದ ಜೋಳದ ಕಣಿಕಿ ತಾನಾಗಿ ಹತ್ತುವುದಿಲ್ಲ. ಆಗ ಪಕ್ಕದ ಹೊಲದಲ್ಲಿ ಕಬ್ಬಿನ ರವದಿ ಸುಟ್ಟಿದ್ದಾರೋ, ಮೇಲೆ ವಿದ್ಯುತ್ ತಂತಿ ಇದೆಯೋ, ಗಾಳಿ ಯಾವ ಕಡೆಯಿಂದ ಇತ್ತು, ಇವಿಷ್ಟು ಕೇಳಿಯೇ ಮನುಷ್ಯನ ಹೆಸರಿಗೆ ಬರಬೇಕು. ಮನೆಯೊಳಗೆ ಹಸಿ ಮೇವಿನಂತೆ ತಾನಾಗಿ ಕಾಯುವುದು ಅಗಸಿ ಎಣ್ಣೆ. ಬಾಗಿಲಿಗೆ ಎಣ್ಣೆ ಒರೆಸಿದ ಅರಿವೆಯನ್ನು ಉಂಡೆ ಮಾಡಿ ಮೂಲೆಗೆ ಒಗೆದರೆ ಕೆಲವೇ ತಾಸಿನಲ್ಲಿ ತಾನಾಗಿ ಹೊಗೆಯಾಡುತ್ತದೆ, ಕಡ್ಡಿ ಗೀರುವವರು ಬೇಕಿಲ್ಲ. ಹಗ್ಗದ ಮೇಲೆ ಬಿಡಿಬಿಡಿಯಾಗಿ ಹರವಬೇಕು, ಇಲ್ಲವೇ ನೀರಲ್ಲಿ ಅದ್ದಿಡಬೇಕು.

ಬೆಂಕಿ ಹಚ್ಚುವ ಅಪರಾಧ ಮೊದಲು ಹಳೆಯ ದಂಡ ಸಂಹಿತೆಯ (ಐಪಿಸಿ) 435, 436ರಲ್ಲಿ ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಮಿಗೆ ಬಂದಿದೆ. ಬೆಳೆ, ಮೇವಿಗೆ ಬೆಂಕಿ ಹಚ್ಚಿದರೆ ಏಳು ವರ್ಷದವರೆಗೆ, ವಾಸದ ಮನೆಗಾದರೆ ಹತ್ತು ವರ್ಷ ಅಥವಾ ಜೀವಾವಧಿಯವರೆಗೆ ಶಿಕ್ಷೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೊ ಆಗಬೇಕು ಎಂದು ತನಿಖೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3) ಹೇಳುತ್ತದೆ. ರಾಜ್ಯಗಳಿಗೆ ಇದನ್ನು ಜಾರಿಗೆ ತರಲು ಐದು ವರ್ಷದವರೆಗೆ ಅವಧಿ ಇದೆ. ತಜ್ಞರು ಬರುವವರೆಗೆ ಊರವರು ಮಾಡಬೇಕಾದ್ದು ಬಹಳ ಇಲ್ಲ: ಉರಿಯುವಾಗಲೇ ಫೋನಿನಲ್ಲಿ ನಾಲ್ಕೂ ದಿಕ್ಕಿನಿಂದ ವಿಡಿಯೊ, ಮೊದಲು ಕಂಡವರು ಯಾರು, ಎಷ್ಟು ಗಂಟೆಗೆ ಎಂಬ ಬರಹ, ಬೂದಿಯ ಸುತ್ತ ಒಂದು ಹಗ್ಗ.