ಏಳು ಬಾಕ್ಸ್ ಬಂದಿತ್ತು, ಐದು ಅಂತ ಬರೆದೆ

ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಇದು ಕೆಲಸಕ್ಕೆ ಸೇರಿದ ಮೂರನೇ ವರ್ಷ, 2018ರಲ್ಲಿ ನಡೆದದ್ದು. ಸಿಎನ್‌ಸಿ ಲೇತ್‌ಗೆ ಐದು ಬಾಕ್ಸ್ ಕಾರ್ಬೈಡ್ ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ ಚಿಕ್ಕ ಅಲಗು, ಆರ್ಡರ್ ಮಾಡಿದ್ದೆವು. ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಡಬ್ಬಿ, ಒಳಗೆ ಹತ್ತು ಪೀಸ್. ಬೆಲೆ ಮಾತ್ರ ಸಾವಿರಗಳ ಲೆಕ್ಕದಲ್ಲಿ. ಇನ್ವಾಯ್ಸ್‌ನಲ್ಲಿ ಐದು ಅಂತಿತ್ತು. ಕಾರ್ಟನ್ ಬಿಚ್ಚಿದರೆ ಏಳು.

ಎರಡು ಸಲ ಎಣಿಸಿದೆ. ಪಕ್ಕದಲ್ಲಿದ್ದ ಸೂಪರ್‌ವೈಸರ್, "ಬಂದ ಲಕ್ಷ್ಮೀನ ಯಾರಾದ್ರೂ ವಾಪಸ್ ಕಳಿಸ್ತಾರಾ? ಸುಮ್ನೆ ಒಳಗಿಡಿ" ಅಂದರು. ಬಂದ ಮಾಲಿನ ಲೆಕ್ಕ ಬರೆಯುವ ಜಿಆರ್‌ಎನ್‌ನಲ್ಲಿ (ಗೂಡ್ಸ್ ರಿಸೀಟ್ ನೋಟ್) ಐದು ಅಂತ ಬರೆದೆ. ಉಳಿದ ಎರಡನ್ನು ಮೇಲಿನ ರ‍್ಯಾಕ್‌ನಲ್ಲಿ, ಕಾಟನ್ ವೇಸ್ಟ್ ಮೂಟೆಯ ಹಿಂದೆ ಇಟ್ಟೆ. ನಾನೇನು ಮನೆಗೆ ಒಯ್ದೆನಾ, ಕಂಪನಿಗೇ ಲಾಭ ಅಲ್ವಾ ಅಂತ ಸಮಾಧಾನ ಮಾಡಿಕೊಂಡೆ. ಹಾಗಾದರೆ ಮೂಟೆಯ ಹಿಂದೆ ಯಾಕೆ ಇಟ್ಟೆ? ತಪ್ಪು ಅಂತ ಗೊತ್ತಿತ್ತು, ಅದಕ್ಕೇ.

ಎರಡು ತಿಂಗಳ ನಂತರ ಬೇರೊಬ್ಬ ಸಪ್ಲೈಯರ್‌ನಿಂದ ಬೋಲ್ಟ್ ಬಂತು. ಅವತ್ತು ನಾನು ರಜೆ. ಸ್ಟೋರ್ಸ್ ಹುಡುಗ ಇನ್ವಾಯ್ಸ್ ನೋಡಿ 2,000 ಅಂತ ಬರೆದು ಸಹಿ ಹಾಕಿದ್ದ. ಆಮೇಲೆ ಎಣಿಸಿದರೆ 200 ಕಮ್ಮಿ. ಸಪ್ಲೈಯರ್‌ಗೆ ಫೋನ್ ಮಾಡಿದರೆ, "ನಿಮ್ಮ ಜಿಆರ್‌ಎನ್‌ನಲ್ಲೇ ಎರಡು ಸಾವಿರ ಅಂತಿದೆಯಲ್ಲ ಸಾರ್" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಗನನ್ನು ಗದರಿದೆ. ಅವನು ಎದುರಾಡುವವನಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದ: "ಅವತ್ತು ನೀವೂ ಬಿಲ್‌ನಲ್ಲಿ ಇದ್ದದ್ದೇ ಬರೆದಿರಿ. ಹಾಗೇ ಬರೀಬೇಕೇನೋ ಅಂದ್ಕೊಂಡೆ."

ಅವನಿಗೆ ಕೆಲಸ ಕಲಿಸಿದ್ದು ನಾನೇ.

ಆ ಸಂಜೆಯೇ ಮಾಲೀಕರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಮೊದಲು ವಾಪಸ್ ಕೊಡಿ ಅಂದರು. ಆದರೂ ನನಗೆ ಒಂದು ಪ್ರಶ್ನೆ ಕೊರೆಯುತ್ತಿತ್ತು: ನಾನು ಮಾಡಿದ್ದು ಕಳ್ಳತನವಾ? ಪರಿಚಯದ ವಕೀಲರೊಬ್ಬರನ್ನು ಕೇಳಿದೆ.

ಕಾನೂನಿನಲ್ಲಿ ಕಳ್ಳತನ ಅಂದರೆ ಇನ್ನೊಬ್ಬರ ವಶದಲ್ಲಿರುವ ವಸ್ತುವನ್ನು ಅವರ ಒಪ್ಪಿಗೆ ಇಲ್ಲದೆ, ಕೆಟ್ಟ ಉದ್ದೇಶದಿಂದ ಎತ್ತುವುದು. ಇಲ್ಲಿ ಸಪ್ಲೈಯರೇ ತಂದುಕೊಟ್ಟಿದ್ದಾರೆ. ಹಾಗಾಗಿ ಆ ಸೆಕ್ಷನ್ ಸಾಮಾನ್ಯವಾಗಿ ಹೊಂದುವುದಿಲ್ಲ. ಅಷ್ಟಕ್ಕೇ ಬಚಾವಾದೆವು ಅಂದುಕೊಳ್ಳಬೇಡಿ. ಬೇರೆಯವರ ಮಾಲು ಅಂತ ಗೊತ್ತಾದ ಮೇಲೂ ಮೋಸದಿಂದ ನಮ್ಮದು ಮಾಡಿಕೊಂಡರೆ ಅದು ಬೇರೆಯೇ ಅಪರಾಧ. ಆಗ ಅದು ಐಪಿಸಿ 403. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 314: ಕನಿಷ್ಠ 6 ತಿಂಗಳು, ಗರಿಷ್ಠ 2 ವರ್ಷ ಜೈಲು, ಜೊತೆಗೆ ದಂಡ. ತಿಳಿಯದೆ ಒಳಗಿಟ್ಟವನು ಅಪರಾಧಿಯಲ್ಲ. ತಿಳಿದ ಮೇಲೆ ಏನು ಮಾಡುತ್ತಾನೆ ಅನ್ನುವುದೇ ಮುಖ್ಯ. ನನಗೆ ತಿಳಿದದ್ದು ಎರಡನೇ ಸಲ ಎಣಿಸಿದಾಗ.

ಜೈಲಿನ ಮಾತು ಬಿಡಿ, ತಪ್ಪಿ ಬಂದದ್ದನ್ನು ಹಿಂದಿರುಗಿಸಬೇಕು ಅಂತ 1872ರ ಕಾಂಟ್ರಾಕ್ಟ್ ಆಕ್ಟ್‌ನ ಸೆಕ್ಷನ್ 72 ಹೇಳುತ್ತದೆ. ಸೆಕ್ಷನ್ 70ರಲ್ಲಿರುವ ಉದಾಹರಣೆ ನಮ್ಮದೇ ಕಥೆ: ವ್ಯಾಪಾರಿ ತಪ್ಪಿ ಒಬ್ಬರ ಮನೆಯಲ್ಲಿ ಸರಕು ಬಿಟ್ಟುಹೋಗುತ್ತಾನೆ, ಮನೆಯವನು ತನ್ನದೇ ಅಂತ ಬಳಸುತ್ತಾನೆ. ದುಡ್ಡು ಕೊಡಲೇಬೇಕು.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು 1930ರ ಸೇಲ್ ಆಫ್ ಗೂಡ್ಸ್ ಆಕ್ಟ್. ಹೆಚ್ಚು ಮಾಲು ಬಂದರೆ ಆರ್ಡರ್ ಮಾಡಿದಷ್ಟನ್ನು ಇಟ್ಟುಕೊಂಡು ಉಳಿದದ್ದು ಬೇಡ ಅನ್ನಬಹುದು. ಎಲ್ಲವನ್ನೂ ಇಟ್ಟುಕೊಂಡರೆ ಅದೇ ದರದಲ್ಲಿ ಎಲ್ಲದಕ್ಕೂ ಹಣ ಕೊಡಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ, ಬೇಡವಾದದ್ದನ್ನು ನಾವೇ ಗಾಡಿ ಮಾಡಿ ಕಳಿಸಬೇಕಾಗಿಲ್ಲ. ತಿಳಿಸಿದರೆ ಸಾಕು. ಅಂದರೆ ನಾನು ಮಾಡಬೇಕಿದ್ದದ್ದು ಒಂದು ಫೋನ್, ಒಂದು ಮೇಲ್. ಅಷ್ಟೇ.

ಈಗ ನಮ್ಮ ಜಿಆರ್‌ಎನ್‌ನಲ್ಲಿ ಎರಡು ಕಾಲಂ ಇದೆ: ಬಿಲ್‌ನಲ್ಲಿ ಎಷ್ಟು, ಎಣಿಸಿದ್ದು ಎಷ್ಟು. ಎರಡನೆಯದನ್ನು ತುಂಬುವವನು ಆ ಹುಡುಗನೇ. ಮೊದಲನೆಯದನ್ನು ಅವನಿಗೆ ತೋರಿಸುವುದು ಆಮೇಲೆ.

ಮೂಟೆ ಸರಿಸಿ ಆ ಎರಡು ಡಬ್ಬಿ ಕೆಳಗಿಳಿಸಿದಾಗ ಮೇಲೆ ಧೂಳು ಕೂತಿತ್ತು. ಒರೆಸಿಟ್ಟೆ. ತಗೊಂಡು ಹೋಗಲು ಸಪ್ಲೈಯರ್ ಕಡೆಯ ಡಿಸ್ಪ್ಯಾಚ್ ಹುಡುಗ ಬಂದ. ಅವು ಬೊಮ್ಮಸಂದ್ರದ ಒಂದು ಆರ್ಡರ್‌ಗೆ ಹೋಗಬೇಕಿದ್ದವಂತೆ. ಎಲ್ಲಿ ಹೋಯ್ತು ಅಂತ ಅಷ್ಟು ದಿನವೂ ಅವನನ್ನೇ ಕೇಳುತ್ತಿದ್ದರಂತೆ. ಚಲನ್‌ಗೆ ಸಹಿ ಹಾಕುವ ಮುಂಚೆ ಮುಚ್ಚಳ ತೆಗೆದು ಎಣಿಸಿದ. ಒಂದೊಂದೇ, ಇಪ್ಪತ್ತನ್ನೂ. ಮುಗಿಯುವ ತನಕ ನಾನು ಅಲ್ಲೇ ನಿಂತಿದ್ದೆ.