18ರ ಮೇಲೆ ಹೋಗಬೇಡ

"ಅಪ್ಪಾ, ಈ ಬೋರ್ಡ್ ತಪ್ಪು," ಅಂದ ಮಗ. 16 ತುಂಬಿ, ಲೈಸೆನ್ಸ್ ಕೈಗೆ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದ. ಬೋರ್ಡಿನಲ್ಲಿ ಸ್ಪೀಡ್ ಲಿಮಿಟ್ 18 ಮೈಲಿ ಅಂತಿತ್ತು. ಅಮೆರಿಕದಲ್ಲಿ 15 ನೋಡಿದ್ದೇನೆ, 20, 25 ನೋಡಿದ್ದೇನೆ. 18 ಯಾವ ಲೆಕ್ಕ?

ಹಿಂದಿನ ಸೀಟಿನಿಂದ ನನ್ನ ಆಫೀಸಿನ ಹಿರಿಯರೊಬ್ಬರು ನಕ್ಕರು. "ತಪ್ಪಲ್ಲ. ಅದು ಆರ್ಚಿಯ ನಂಬರ್. 18ರ ಮೇಲೆ ಹೋಗಬೇಡ."

2021ರ ಅಕ್ಟೋಬರ್ 23, ಶನಿವಾರ. ನಾವು ಮೆಂಫಿಸ್‌ನಿಂದ ಬೆಳಗಾಗುತ್ತಲೇ ಹೊರಟು ಮಿಸಿಸಿಪ್ಪಿಯ ಆಕ್ಸ್‌ಫರ್ಡ್‌ಗೆ ಬಂದಿದ್ದೆವು. ಮಿಸಿಸಿಪ್ಪಿ ಯೂನಿವರ್ಸಿಟಿಗೆ ಇಲ್ಲಿ ಎಲ್ಲರೂ ಓಲ್ ಮಿಸ್ ಅನ್ನುತ್ತಾರೆ. ಹಿರಿಯರು ಅಲ್ಲೇ ಓದಿದವರು. ಅವತ್ತು ಎಲ್‌ಎಸ್‌ಯು, ಅಂದರೆ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ ಜೊತೆ ಅಮೆರಿಕನ್ ಫುಟ್‌ಬಾಲ್ ಮ್ಯಾಚ್. ನಡುವೆ ಇಲ್ಲಿನ ಹಳೆಯ ಆಟಗಾರ ಎಲಿ ಮ್ಯಾನಿಂಗ್‌ನ 10ನೇ ನಂಬರಿಗೆ ನಿವೃತ್ತಿ. ಅಂದರೆ ಇನ್ನು ಮುಂದೆ ಆ ನಂಬರಿನ ಜೆರ್ಸಿ ಇಲ್ಲಿ ಯಾರಿಗೂ ಇಲ್ಲ. ಎಲಿಯ ಅಪ್ಪ ಆರ್ಚಿಯೂ ಇಲ್ಲೇ ಆಡಿದವರು, ಅವರ 18 ಎಷ್ಟೋ ವರ್ಷಗಳ ಹಿಂದೆಯೇ ನಿವೃತ್ತಿಯಾಗಿತ್ತು. ಕ್ಯಾಂಪಸ್ಸಿನಲ್ಲಿ ಎಲಿಯ ಲೆಕ್ಕದಲ್ಲಿ 10 ಮೈಲಿ ಅಂತ ಬರೆದ ಜಾಗವೂ ಇದೆಯಂತೆ. ಮಗನ ಕಾಲು ಬ್ರೇಕ್ ಬಿಟ್ಟು ಮೇಲೇಳಲೇ ಇಲ್ಲ.

ಕಾರು ನಿಲ್ಲಿಸಿ ಗ್ರೋವ್‌ಗೆ ಹೋದೆವು. ಅದು ಸುಮಾರು ಹತ್ತು ಎಕರೆ ಮರಗಳ ತೋಪು. ಮ್ಯಾಚಿನ ದಿನ ಅಲ್ಲಿ ನೆಲ ಕಾಣುವುದಿಲ್ಲ, ಬರೀ ಟೆಂಟುಗಳು. ಟೆಂಟಿನೊಳಗೆ ಗಾಜಿನ ದೀಪಗೊಂಚಲು ತೂಗುಬಿಟ್ಟಿರುತ್ತಾರೆ! ಬೆಳ್ಳಿ ತಟ್ಟೆ, ಹೂಕುಂಡ, ಟೈ ಕಟ್ಟಿದ ಹುಡುಗರು, ಹುಲ್ಲಿನಲ್ಲಿ ಹೀಲ್ಸ್ ಹೂತುಹೋಗುತ್ತಿದ್ದರೂ ಬಿಡದ ಹೆಂಗಸರು. ಜಾತ್ರೆಗೆ ಬಂದೆನೋ ಮದುವೆಮನೆಗೆ ಬಂದೆನೋ ಗೊತ್ತಾಗಲಿಲ್ಲ. ಎಲ್ಲೆಲ್ಲೂ ಕೋಳಿ. ಪುಳಿಚಾರಿನ ನನಗೆ ಸಿಕ್ಕಿದ್ದು ಪಿಮೆಂಟೊ ಚೀಸ್ ಸ್ಯಾಂಡ್‌ವಿಚ್. ಮೂರು ತಿಂದೆ.

ಅಮೆರಿಕನ್ ಫುಟ್‌ಬಾಲ್ ನನಗೆ ಅಷ್ಟಕ್ಕಷ್ಟೇ. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಮೊದಲು ಕೈಗೆ ಬರುವವನು, ಎಸೆಯಬೇಕೋ, ಇನ್ನೊಬ್ಬನ ಕೈಗೆ ಕೊಡಬೇಕೋ, ತಾನೇ ಓಡಬೇಕೋ ಅಂತ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನ ಮಾಡುವವನು. ಗೆದ್ದರೂ ಸೋತರೂ ಊರೆಲ್ಲ ಅವನ ಹೆಸರೇ ಹೇಳುತ್ತದೆ. ಇಷ್ಟು ಗೊತ್ತಿತ್ತು. ಉಳಿದಿದ್ದನ್ನು ಹಿರಿಯರು ಟೆಂಟಿನ ಕುರ್ಚಿಯಲ್ಲಿ ಕೂತು ಹೇಳಿದರು.

ಆರ್ಚಿ ಮಿಸಿಸಿಪ್ಪಿಯ ಡ್ರೂ ಅನ್ನುವ ಸಣ್ಣ ಊರಿನವರು. 1969ರ ಬೇಸಿಗೆಯಲ್ಲಿ ಅವರ ತಂದೆ ತೀರಿಕೊಂಡರು. ಓದು ಬಿಟ್ಟು ಕೆಲಸಕ್ಕೆ ಸೇರುತ್ತೇನೆ ಅಂದ ಹುಡುಗನನ್ನು ತಾಯಿ ವಾಪಸ್ ಕಾಲೇಜಿಗೆ ಕಳಿಸಿದರು. ಆ ಅಕ್ಟೋಬರ್‌ನಲ್ಲಿ ಅಲಬಾಮಾ ವಿರುದ್ಧದ ರಾತ್ರಿ ಮ್ಯಾಚ್ ದೇಶವೆಲ್ಲ ಟಿವಿಯಲ್ಲಿ ಬಂತು. ಆರ್ಚಿ ಎಸೆದೇ 436 ಗಜ, ಓಡಿ 104 ಗಜ ಗಳಿಸಿದರು. ಆದರೂ 33-32ರಲ್ಲಿ ಸೋಲು. ಅವರ ಹೆಸರು ಮನೆಮಾತಾಗಿದ್ದು ಆ ಸೋತ ಮ್ಯಾಚಿನಿಂದ. ನೋಡಲು ಅಪ್ಪ ಇರಲಿಲ್ಲ, ಅಲ್ವಾ? ನನ್ನ ತಲೆಯಲ್ಲಿ ಅದೇ ಉಳಿಯಿತು.

ಆರ್ಚಿಗೆ ಮೂವರು ಗಂಡುಮಕ್ಕಳು. ಹಿರಿಯ ಕೂಪರ್‌ನ ಆಟ ಬೆನ್ನುಹುರಿಯ ತೊಂದರೆಯಿಂದ ಕಾಲೇಜಿಗೆ ಬರುತ್ತಲೇ ಮುಗಿಯಿತು. ಎರಡನೆಯವ ಪೇಟನ್ ಅಪ್ಪನ ಕಾಲೇಜು ಬೇಡ ಅಂತ 1994ರಲ್ಲಿ ಟೆನೆಸಿ ಯೂನಿವರ್ಸಿಟಿಗೆ ಹೋದ. ಇಲ್ಲಿಯವರು ಕೆಂಡವಾದರು. ಬೈಗುಳ ಬಂದಿದ್ದು ಅಪ್ಪನಿಗೆ. "ಪೇಟನ್ ಟಿವಿಯಲ್ಲಿ ಬಂದರೆ ನಮ್ಮಮ್ಮ ಎದ್ದು ಆಫ್ ಮಾಡುತ್ತಿದ್ದಳು," ಅಂದರು ಹಿರಿಯರು. ಅವರು ನಗುತ್ತಿದ್ದರು, ಆದರೆ ಪೂರ್ತಿ ನಗು ಅಲ್ಲ.

ಕೊನೆಯವನೇ ಎಲಿ. ಅವನು ಅಪ್ಪನ ಕಾಲೇಜಿಗೇ ಬಂದ. ದಾವಣಗೆರೆಯಲ್ಲಿ ನಾನೂ ಅಪ್ಪ ಓದಿದ ಕಾಲೇಜಿನಲ್ಲೇ ಓದಿದವನು. ಲ್ಯಾಬಿನ ಅಟೆಂಡರ್ ನಾಲ್ಕು ವರ್ಷವೂ "ನೀನು ಅವರ ಮಗ ಅಲ್ವಾ?" ಅನ್ನುತ್ತಿದ್ದರು. ಬೀಕರ್ ಒಡೆದಾಗಲಂತೂ ಜಾಸ್ತಿ. ಇಲ್ಲಿ ಅಪ್ಪನ ನಂಬರ್ ರಸ್ತೆ ರಸ್ತೆಯಲ್ಲೂ ನೇತಾಡುತ್ತಿದೆ. ಎಲಿ ಹೇಗೆ ಓದಿದನೋ ಮಾರಾಯ!

"2003ರಲ್ಲಿ ನಾನಿಲ್ಲೇ ಇದ್ದೆ," ಅಂದರು ಹಿರಿಯರು. ಅವತ್ತೂ ಇದೇ ಎಲ್‌ಎಸ್‌ಯು. 17-14ರಲ್ಲಿ ಓಲ್ ಮಿಸ್ ಹಿಂದೆ, ಕೊನೆಯ ನಿಮಿಷಗಳು, ನಾಲ್ಕನೇ ಮತ್ತು ಕೊನೆಯ ಪ್ರಯತ್ನ. ಎಸೆಯಲು ಹಿಂದೆ ಸರಿದ ಎಲಿಗೆ ತನ್ನದೇ ತಂಡದವನ ಕಾಲು ತಗುಲಿತು. ಬಿದ್ದ. ಇಷ್ಟು ಹೇಳಿ ಹಿರಿಯರು ಸುಮ್ನೆ ಕೂತುಬಿಟ್ಟರು. ನಾನು ಲೆಕ್ಕ ಹಾಕಿದೆ. ಅದಾಗಿ 18 ವರ್ಷ. ಹೇಳಲಿಲ್ಲ.

ಮ್ಯಾಚ್ ನಡುವಿನ ವಿರಾಮದಲ್ಲಿ ಎಲಿ ಮೈದಾನಕ್ಕೆ ಬಂದಾಗ ನಾವು ತೀರಾ ಮೇಲಿನ ಸಾಲಿನಲ್ಲಿದ್ದೆವು. ಅವನು ಕಂಡಿದ್ದು ಇರುವೆಯಷ್ಟು. ಕಾಲೇಜು ಮುಗಿದ ಮೇಲೆ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಎರಡು ಸೂಪರ್ ಬೌಲ್, ಅಂದರೆ ವೃತ್ತಿಪರ ಲೀಗಿನ ಫೈನಲ್, ಗೆದ್ದುಕೊಟ್ಟ ಆಸಾಮಿ. ಜನ ಕೂಗಿದ ಕೂಗಿಗೆ ಕಾಲಡಿಯ ಕಬ್ಬಿಣ ಅದುರಿತು. ಹಿರಿಯರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಮಗ ನಾಚೋಸ್ ತಿನ್ನುತ್ತಿದ್ದ. ಓಲ್ ಮಿಸ್ 31-17ರಲ್ಲಿ ಗೆದ್ದಿತು.

ವಾಪಸ್ ಹೊರಟಾಗ ಊರಿಗೆ ಊರೇ ರಸ್ತೆಯಲ್ಲಿತ್ತು. 18 ಎಲ್ಲಿಂದ ಬರಬೇಕು, ಮುಳ್ಳು 5 ದಾಟಲಿಲ್ಲ. ಹಿರಿಯರು ಹಿಂದೆ ಗೊರಕೆ ಹೊಡೆಯುತ್ತಿದ್ದರು.

"ಅಪ್ಪಾ, ನೀನ್ಯಾಕೆ ತಾತನ ಕಾಲೇಜಿಗೇ ಹೋದೆ?" ಮಗ ಕನ್ನಡದಲ್ಲೇ ಕೇಳಿದ. ಏನೋ ದೊಡ್ಡ ಮಾತು ಹೇಳೋಣ ಅನ್ನಿಸಿತು.

"ಸೀಟು ಅಲ್ಲೇ ಸಿಕ್ತು," ಅಂದೆ.

ಸ್ವಲ್ಪ ಹೊತ್ತು ಮುಂದಿನ ಕಾರಿನ ಕೆಂಪು ದೀಪವನ್ನೇ ನೋಡಿದ. "ನಂಗೆ ಕಂಪ್ಯೂಟರ್ ಸೈನ್ಸ್ ಬೇಡ. ಇನ್ನೂ ಏನು ಬೇಕೋ ಗೊತ್ತಿಲ್ಲ. ನಾನು ಪೇಟನ್ ಅಂತ ಇಟ್ಕೋ."

ಹಿಂದೆ ಗೊರಕೆ ನಿಂತಿತು. ಅಷ್ಟೂ ಕನ್ನಡದಲ್ಲಿ ಹಿರಿಯರಿಗೆ ತಿಳಿದಿದ್ದು ಒಂದೇ ಪದ.

"ಯಾರು," ಅಂದರು ಕಣ್ಣು ಬಿಡದೆಯೇ, "ಅವನ ಹೆಸರೆತ್ತಿದ್ದು ಯಾರು?"